ಹದಿನಾಲ್ಕು ಇಂಚು ಜಾಗದಲ್ಲಿ ಪ್ರೀತಿ

ಇಂಗ್ಲಿಷಿನಲ್ಲಿ ಒಂದು ಬಗೆಯ ಕಾದಂಬರಿಗಳಿವೆ. ಕಾಲ ಹದಿನೆಂಟನೆಯ ಶತಮಾನ, ಇಲ್ಲವೆ ನೆಪೋಲಿಯನ್ನನ ಯುದ್ಧಗಳ ಕಾಲ. ಜಾಗ ಬ್ರಿಟಿಷ್ ನೌಕಾಪಡೆಯ ಒಂದು ಹಾಯಿಹಡಗು. ಅದರಲ್ಲಿ ಇಬ್ಬರು ಗಂಡಸರು. ಇಬ್ಬರಿಗೂ ನೀಲಿ ಕೋಟು, ಹೊಳೆಯುವ ಗುಂಡಿ, ಸೊಂಟದಲ್ಲಿ ಕತ್ತಿ. ಬಿರುಗಾಳಿ ಬರುತ್ತದೆ, ಶತ್ರುವಿನ ಗುಂಡು ಬರುತ್ತದೆ, ಒಬ್ಬನಿಗೆ ಗಾಯವಾಗುತ್ತದೆ, ಇನ್ನೊಬ್ಬ ಆ ಗಾಯ ತೊಳೆಯುತ್ತಾನೆ. ಆಮೇಲೆ ಕ್ಯಾಬಿನ್ನಿನ ಬಾಗಿಲು ಮುಚ್ಚುತ್ತದೆ. ಹೊರಗೆ ನೇಣು ಕಾಯುತ್ತಿದೆ, ಸಿಕ್ಕಿಬಿದ್ದರೆ ಇಬ್ಬರಿಗೂ ಸಾವು. ಆದರೆ ಸಿಕ್ಕಿಬೀಳುವುದಿಲ್ಲ. ಪುಸ್ತಕ ಮುಗಿಯುವ ಹೊತ್ತಿಗೆ ಎಲ್ಲೋ ಒಂದು ಮನೆ ಸಿಗುತ್ತದೆ, ಇಬ್ಬರೂ ಸುಖವಾಗಿರುತ್ತಾರೆ.

2009ರಲ್ಲಿ ಅಮೆರಿಕದ ರನ್ನಿಂಗ್ ಪ್ರೆಸ್ ಎಂಬ ಪ್ರಕಾಶನ ಇಂಥ ಕಾದಂಬರಿಗಳ ಒಂದು ಮಾಲೆಯನ್ನೇ ಹೊರತಂದಿತು. ಗಂಡು ಹೆಣ್ಣಿನ ಪ್ರಣಯ ಕಾದಂಬರಿ ಇಡುವ ಕಪಾಟಿನಲ್ಲೇ ಇವೂ ಮಾರಾಟವಾಗಲಿ ಎಂಬುದು ಅವರ ಲೆಕ್ಕ. ಅದರಲ್ಲಿ ಅಲೆಕ್ಸ್ ಬೀಕ್ರಾಫ್ಟ್ ಬರೆದ 'ಫಾಲ್ಸ್ ಕಲರ್ಸ್' ಒಂದು. ಕತೆ ನಡೆಯುವುದು 1762ರಲ್ಲಿ, ಅಲ್ಜೀರ್ಸ್ ಕಡೆಯ ಕಡಲಲ್ಲಿ; ನಾಯಕರಿಬ್ಬರೂ ಅಧಿಕಾರಿಗಳು. ಇದರ ಹಿಂದೆ ಒಂದು ದೊಡ್ಡ ಪರಂಪರೆಯೇ ಇದೆ. 1937ರಿಂದ ಬಂದ ಸಿ. ಎಸ್. ಫಾರೆಸ್ಟರ್‌ನ ಹಾರ್ನ್‌ಬ್ಲೋವರ್ ಕತೆಗಳು, 1969ರಲ್ಲಿ 'ಮಾಸ್ಟರ್ ಅಂಡ್ ಕಮಾಂಡರ್'ನಿಂದ ಶುರುವಾಗಿ ಇಪ್ಪತ್ತರವರೆಗೆ ಬೆಳೆದ ಪ್ಯಾಟ್ರಿಕ್ ಓಬ್ರಿಯನ್ನನ ಕಾದಂಬರಿಗಳು. ಓಬ್ರಿಯನ್ನನಲ್ಲಿ ಕ್ಯಾಪ್ಟನ್ನೂ ವೈದ್ಯನೂ ಕ್ಯಾಬಿನ್ನಿನಲ್ಲಿ ಕೂತು ಪಿಟೀಲು, ಸೆಲ್ಲೊ ನುಡಿಸುತ್ತಾರೆ. ಅವರದು ಗೆಳೆತನ, ಅಷ್ಟೆ. ಕ್ಯಾಪ್ಟನ್ನನ್ನು ಬಾಯಿಬಿಡದೆ ಪ್ರೀತಿಸುವವನು ಬೇರೊಬ್ಬ, ಹಡಗಿನ ದಾರಿ ನೋಡಿಕೊಳ್ಳುವ ಮಾರ್ಷಲ್. ಅವನಿಗೆ ಕತೆಯಲ್ಲಿ ಸಿಗುವುದು ಕೆಲವೇ ಪುಟ. ಓಬ್ರಿಯನ್ ಬಿಟ್ಟ ಜಾಗವನ್ನೇ ಪ್ರಣಯ ಕಾದಂಬರಿಗಳು ತುಂಬಿದವು ಅನ್ನಬಹುದು.

ಗೆಳೆಯರು ಕೇಳಬಹುದು: ಭೂಮಿಯ ಪ್ರಶ್ನೆ ಇದೆ, ಕೂಲಿಯ ಪ್ರಶ್ನೆ ಇದೆ, ಮಲದ ಗುಂಡಿಗೆ ಇಳಿದು ಸಾಯುವವರ ಪ್ರಶ್ನೆ ಇದೆ, ಇಂಗ್ಲಿಷರ ಹಡಗಿನಲ್ಲಿ ಯಾರು ಯಾರನ್ನು ಪ್ರೀತಿಸಿದರೆ ನಿಮಗೇನ್ರೀ? ಕೇಳಲಿ. ಆ ಹಡಗನ್ನು ಆಳಿದ ಕಾನೂನಿನ ಹೆತ್ತ ಕೂಸೇ 158 ವರ್ಷ ನಮ್ಮನ್ನೂ ಆಳಿತು ಎಂಬುದು ಒಂದು ಉತ್ತರ. ಅದಕ್ಕೆ ಮುಂದೆ ಬರುತ್ತೇವೆ. ಇನ್ನೊಂದು ಉತ್ತರ ಇದಕ್ಕಿಂತ ಹತ್ತಿರದ್ದು. ಕೇರಿಯ ಹುಡುಗ ಊರಿನ ಹುಡುಗಿಯನ್ನು ಪ್ರೀತಿಸಿ ಹೆಣವಾಗುವ ನೆಲದಲ್ಲಿ ಕೂತು ಓದುವವರು ನಾವು. ಪ್ರೀತಿಗೆ ಸಾವಿನ ಶಿಕ್ಷೆ ಅಂದರೆ ಏನು ಅನ್ನೋದನ್ನ ಪುಸ್ತಕ ನಮಗೆ ಹೇಳಿಕೊಡಬೇಕಿಲ್ಲ. ನಿಷೇಧದ ವಿರುದ್ಧ ನಿಲ್ಲುವ ಪ್ರತಿ ಪ್ರೀತಿಯ ಪರವಾಗಿಯೂ ನಮ್ಮ ಮನಸ್ಸು ತಾನಾಗಿ ವಾಲುತ್ತದೆ. ಅಲ್ಲೇ ಒಂದು ಪ್ರಶ್ನೆ ಕಾಡುತ್ತದೆ. ಪ್ರೀತಿಗೆ ಶತ್ರು ನಿಷೇಧ ಒಂದೇ ಏನು? ನೇಣುಗಂಬವನ್ನು ಕಿತ್ತು ಹಾಕಿದ ಮೇಲೂ ಆ ಹಡಗಿನಲ್ಲಿ ಉಳಿಯುತ್ತಿದ್ದ ಮೇಲು ಕೀಳನ್ನು ಏನು ಮಾಡುವುದು?

ಮೊದಲು ಆ ನೇಣುಗಂಬದ ಮಾತು. ಗಂಡಸರ ನಡುವಿನ ಕೂಟಕ್ಕೆ ಇಂಗ್ಲೆಂಡಿನಲ್ಲಿ ಸಾವಿನ ಶಿಕ್ಷೆಯ ಕಾನೂನು ಬಂದದ್ದು 1533ರಲ್ಲಿ, ಎಂಟನೆಯ ಹೆನ್ರಿಯ ಕಾಲದಲ್ಲಿ. ನೌಕಾಪಡೆಗೆಂದೇ 1661ರಲ್ಲಿ ಮಾಡಿದ ಯುದ್ಧ ನಿಯಮಗಳಲ್ಲಿ ಅದು ಸೇರಿತು. 1749ರಲ್ಲಿ ಆ ನಿಯಮಗಳನ್ನು ಹೊಸದಾಗಿ ಬರೆದಾಗ 29ನೆಯ ನಿಯಮವಾಗಿ ನಿಂತಿತು. ಶಿಕ್ಷೆ ಒಂದೇ, ಮರಣ. ಬರಿಯ ಕಾಗದದ ಬೆದರಿಕೆ ಅಲ್ಲ ಅದು. 1797ರಲ್ಲಿ ರ್‍ಯಾಟ್ಲರ್ ಎಂಬ ಹಡಗನ್ನು ನಡೆಸುತ್ತಿದ್ದ ಹೆನ್ರಿ ಅಲೆನ್ ಎಂಬ ಅಧಿಕಾರಿಯನ್ನೇ ಗಲ್ಲಿಗೇರಿಸಿದರು. 1816ರ ಫೆಬ್ರವರಿ 1ರಂದು ಆಫ್ರಿಕೇನ್ ಎಂಬ ಹಡಗಿನ ನಾಲ್ವರನ್ನು ಒಂದೇ ದಿನ ನೇಣು ಹಾಕಿದರು. ಹಾಯಿಯನ್ನು ಹೊರುವ ಅಡ್ಡಮರವೇ ನೇಣುಗಂಬ, ಹಾಯಿ ಎಳೆಯುವಂಥ ಹಗ್ಗವೇ ಉರುಲು. ಜೊತೆಗೆ ಕೆಲಸ ಮಾಡಿದ ಖಲಾಸಿಗಳ ಕೈಯಲ್ಲೇ ಆ ಹಗ್ಗ ಎಳೆಸುತ್ತಿದ್ದರು.

ಆಫ್ರಿಕೇನ್ ಪ್ರಕರಣದಲ್ಲಿ ಮನಸ್ಸು ನಿಲ್ಲುತ್ತದೆ. ಅಲ್ಲಿ ಆಪಾದನೆ ಹೊತ್ತವರಲ್ಲಿ ಖಲಾಸಿಗಳೂ ಇದ್ದರು, ಮುಂದೆ ಅಧಿಕಾರಿಗಳಾಗಬೇಕಾಗಿದ್ದ ಮಿಡ್‌ಶಿಪ್‌ಮನ್ ಹುಡುಗರೂ ಇದ್ದರು. ಕೆಲವರು ತಮ್ಮ ಜೀವ ಉಳಿಸಿಕೊಳ್ಳಲು ಜೊತೆಯವರ ಮೇಲೆ ಸಾಕ್ಷಿ ಹೇಳಿದರು. ಕೊನೆಗೆ ಹಗ್ಗಕ್ಕೆ ಕೊರಳು ಕೊಟ್ಟವರು ನಾಲ್ವರು ಖಲಾಸಿಗಳು. ಮಿಡ್‌ಶಿಪ್‌ಮನ್‌ಗಳಿಗೆ ಮರ್ಯಾದೆ ಹೋಯಿತು, ಜೀವ ಉಳಿಯಿತು. ಹಾಗಂತ ಮೇಲಿನವರನ್ನು ಕಾನೂನು ಮುಟ್ಟಲೇ ಇಲ್ಲ ಎಂದು ನಾವು ಹೇಳುವುದಿಲ್ಲ. ಅಲೆನ್ ಸತ್ತದ್ದು ಸುಳ್ಳಲ್ಲ. ಆದರೆ ಸಿಕ್ಕಿಬೀಳುವುದಕ್ಕೂ ಒಂದು ಅಂತಸ್ತು ಇದೆ.

ಇದನ್ನು ಕಂಡು ಹೇಳಿದವನು ಯಾವ ಕ್ರಾಂತಿಕಾರನೂ ಅಲ್ಲ, ಒಬ್ಬ ಇಂಗ್ಲಿಷ್ ಮ್ಯಾಜಿಸ್ಟ್ರೇಟ್. 1835ರ ನವೆಂಬರ್ 27ರಂದು ಲಂಡನ್ನಿನ ನ್ಯೂಗೇಟ್ ಜೈಲಿನ ಮುಂದೆ ಜೇಮ್ಸ್ ಪ್ರ್ಯಾಟ್, ಜಾನ್ ಸ್ಮಿತ್ ಎಂಬ ಇಬ್ಬರು ಬಡವರನ್ನು ಗಲ್ಲಿಗೇರಿಸಿದರು. ಇಂಗ್ಲೆಂಡಿನಲ್ಲಿ ಈ ಅಪರಾಧಕ್ಕೆ ಗಲ್ಲಿಗೆ ಹೋದ ಕೊನೆಯವರು ಅವರೇ. ಬೇರೊಬ್ಬನ ಬಾಡಿಗೆ ಕೋಣೆಯಲ್ಲಿ ಅವರಿದ್ದಾಗ ಮನೆಯ ಮಾಲೀಕ ಬೀಗದ ತೂತಿನಲ್ಲಿ ಕಣ್ಣಿಟ್ಟು ನೋಡಿದ್ದ. ಅವರನ್ನು ವಿಚಾರಣೆಗೆ ಒಪ್ಪಿಸಿದ ಮ್ಯಾಜಿಸ್ಟ್ರೇಟ್ ಹೆನ್ಸ್‌ಲೀ ವೆಡ್ಜ್‌ವುಡ್ ಆಮೇಲೆ ಗೃಹಮಂತ್ರಿಗೆ ಕಾಗದ ಬರೆದು ಅವರ ಜೀವ ಉಳಿಸಬೇಕೆಂದು ಕೇಳಿಕೊಂಡ. ಅವನ ವಾದ ಇಷ್ಟು: ಈ ಕೆಲಸವನ್ನು ಸಿರಿವಂತರೂ ಮಾಡುತ್ತಾರೆ. ಸ್ವಲ್ಪ ದುಡ್ಡು ಖರ್ಚು ಮಾಡಿದರೆ ಗುಟ್ಟಾದ ಜಾಗ ಸಿಗುತ್ತದೆ, ಹಾಗಾಗಿ ಅವರು ಎಂದೂ ಸಿಕ್ಕಿಬೀಳುವುದಿಲ್ಲ. ಈ ಬಡವರು ಸಿಕ್ಕಿಬಿದ್ದದ್ದು ಬಡತನದಿಂದ. ಕಾಗದ ಬರೆದು ಪ್ರಯೋಜನವಾಗಲಿಲ್ಲ.

ಈಗ ಆ ಕಣ್ಣಿನಿಂದ ಹಡಗನ್ನು ನೋಡಿ. 74 ಫಿರಂಗಿಯ ಒಂದು ಯುದ್ಧದ ಹಡಗಿನಲ್ಲಿ ಐದು ನೂರಕ್ಕೂ ಹೆಚ್ಚು ಜನ. ಖಲಾಸಿಗಳು ಮಲಗುವುದು ಫಿರಂಗಿಗಳ ನಡುವೆ, ತೊಲೆಗೆ ಕಟ್ಟಿದ ಬಟ್ಟೆಯ ಜೋಲಿಯಲ್ಲಿ. ಒಬ್ಬ ಮನುಷ್ಯನಿಗೆ ಅಳೆದು ಕೊಟ್ಟ ಅಗಲ 14 ಇಂಚು. ಅರ್ಧ ಜನ ಪಾಳಿಯ ಮೇಲೆ ಇದ್ದಾಗ ಪಕ್ಕದ ಜಾಗವೂ ಸೇರಿ 28 ಇಂಚು ಆಗುತ್ತದೆ. ಅದೇ ಹಡಗಿನ ಹಿಂಭಾಗದಲ್ಲಿ ಕ್ಯಾಪ್ಟನ್ನಿನ ಕ್ಯಾಬಿನ್ನು, ಸಾಲು ಕಿಟಕಿ, ಊಟದ ಮೇಜು, ಬಾಗಿಲಿಗೆ ಕೋವಿ ಹಿಡಿದ ಕಾವಲುಗಾರ. ಕೆಳಗಿನ ಅಧಿಕಾರಿಗಳಿಗೂ ಗುಬ್ಬಚ್ಚಿ ಗೂಡಿನಂಥದ್ದಾದರೂ ಒಂದೊಂದು ಗೂಡು. ಸರ್ಕಾರಿ ಹಾಸ್ಟೆಲ್ಲಿನಲ್ಲಿ ಚಾಪೆಗೆ ಚಾಪೆ ತಾಗಿಸಿ ಮಲಗಿ ಡಿಗ್ರಿ ಮುಗಿಸಿದ ನಮ್ಮಂಥವರಿಗೆ ಈ 14 ಇಂಚಿನ ಲೆಕ್ಕ ಚೆನ್ನಾಗಿ ತಿಳಿಯುತ್ತದೆ. ಪಕ್ಕದವ ಹೊರಳಿದರೆ ನಮಗೆ ಎಚ್ಚರ. ಅಳಬೇಕು ಅನ್ನಿಸಿದರೂ ಕಕ್ಕಸಿಗೆ ಹೋಗಬೇಕು.

ಹಾಗಾದರೆ ಪ್ರಣಯ ಕಾದಂಬರಿಯ ನಾಯಕರು ಯಾಕೆ ಸಾಮಾನ್ಯವಾಗಿ ಅಧಿಕಾರಿಗಳೇ ಆಗಿರುತ್ತಾರೆ ಎಂಬುದಕ್ಕೆ ಉತ್ತರ ಸಿಕ್ಕಿತಲ್ಲ. ಲೇಖಕರಿಗೆ ಒಂದು ಬಾಗಿಲು ಬೇಕು. ಬಾಗಿಲಿಲ್ಲದೆ ಪ್ರಣಯದ ದೃಶ್ಯ ಬರೆಯುವುದು ಹೇಗೆ? ಇದು ಲೇಖಕರ ಕುತಂತ್ರ ಅಂತ ನಾವು ಅನ್ನುವುದಿಲ್ಲ, ಕತೆಯ ಅಗತ್ಯವೇ ಅವರನ್ನು ಅಲ್ಲಿಗೆ ಎಳೆಯುತ್ತದೆ. ಆದರೆ ಆ ಬಾಗಿಲು ಯಾರ ಬೆನ್ನಿನ ಮೇಲೆ ನಿಂತಿದೆ ಅನ್ನೋದನ್ನ ಕತೆ ಮರೆತುಬಿಡುತ್ತದೆ. ಬಂದರಿನ ಬೀದಿಗಳಲ್ಲಿ ಗಂಡಸರನ್ನು ದೊಣ್ಣೆ ಹಿಡಿದ ತಂಡಗಳು ಅಟ್ಟಿಸಿಕೊಂಡು ಹೋಗಿ ಹಿಡಿದು ಹಡಗಿಗೆ ತುಂಬುತ್ತಿದ್ದ ಕಾಲ ಅದು. ಅದು ಕಾನೂನುಬದ್ಧ. ನೂರು ವರ್ಷಕ್ಕೂ ಮೀರಿ ಖಲಾಸಿಯ ಸಂಬಳ ಏರಿರಲಿಲ್ಲ. ಕೋರ್ಟು ವಿಚಾರಣೆ ಏನೂ ಇಲ್ಲದೆ ಕ್ಯಾಪ್ಟನ್ನಿನ ಒಂದು ಮಾತಿಗೆ ಒಂಬತ್ತು ಎಳೆಯ ಚಾವಟಿ ಬೆನ್ನಿನ ಮೇಲೆ ಬೀಳುತ್ತಿತ್ತು. 1797ರಲ್ಲಿ ಸ್ಪಿಟ್‌ಹೆಡ್, ನೋರ್ ಎಂಬ ಎರಡು ಕಡೆ ಖಲಾಸಿಗಳು ಒಟ್ಟಾಗಿ ಬಂಡೆದ್ದರು. ಹಡಗು ಹಡಗಿನಿಂದ ಪ್ರತಿನಿಧಿಗಳನ್ನು ಆರಿಸಿ ಸಮಿತಿ ಮಾಡಿಕೊಂಡರು. ಸ್ಪಿಟ್‌ಹೆಡ್ಡಿನವರಿಗೆ ಸಂಬಳ ಏರಿತು. ನೋರ್‌ನ ಮುಂದಾಳು ರಿಚರ್ಡ್ ಪಾರ್ಕರ್‌ನನ್ನು ಆ ವರ್ಷ ಜೂನ್ 30ರಂದು ಗಲ್ಲಿಗೇರಿಸಿದರು. ಹೆನ್ರಿ ಅಲೆನ್ ಸತ್ತದ್ದೂ ಅದೇ ವರ್ಷ. ಒಂದೇ ಹಗ್ಗಕ್ಕೆ ಎರಡು ಅಪರಾಧ, ಒಂದು ಮೇಲಿನವರ ಮಾತು ಕೇಳದೆ ಇದ್ದದ್ದು, ಇನ್ನೊಂದು ಪಕ್ಕದವನನ್ನು ಮುಟ್ಟಿದ್ದು.

ನಮಗೆ ದೊಡ್ಡದಾಗಿ ಕಾಣುವ ಪ್ರಶ್ನೆ ಈಗ ಬರುತ್ತದೆ. ಒಂದಷ್ಟು ಕಾದಂಬರಿಗಳು ಅಧಿಕಾರಿಯನ್ನೂ ಖಲಾಸಿಯನ್ನೂ ಪ್ರೇಮಿಗಳನ್ನಾಗಿ ಮಾಡುತ್ತವೆ. ಅಂತಸ್ತು ಮೀರಿದ ಪ್ರೀತಿ! ಓದಲು ಹಿತವಾಗಿರುತ್ತದೆ. ಆದರೆ ಒಬ್ಬನ ಮಾತಿಗೆ ಇನ್ನೊಬ್ಬನ ಬೆನ್ನಿನ ಚರ್ಮ ಸುಲಿಯಬಹುದು ಅನ್ನುವ ಕಡೆ ಕೆಳಗಿನವನು 'ಹೂಂ' ಅಂದರೆ ಅದಕ್ಕೆ ಏನು ಬೆಲೆ? 'ಬೇಡ' ಅನ್ನುವ ಹಕ್ಕು ಇಲ್ಲದವನ 'ಬೇಕು' ನಮಗೆ ಹೇಗೆ ಕೇಳಿಸಬೇಕು? ಗೌಡರ ತೋಟದ ಮನೆಗೆ ಕೂಲಿಯವಳು ಹೋಗಿ ಬಂದದ್ದನ್ನು ಊರು 'ಸಂಬಂಧ' ಅಂತ ಕರೆಯುತ್ತಿತ್ತು. ಅವಳನ್ನು ಯಾರೂ ಕೇಳಿರಲಿಲ್ಲ.

ನೌಕಾಪಡೆಯ ವಿಚಾರಣೆಯ ಕಡತಗಳನ್ನು ತೆಗೆದರೆ ವಿಷಯ ಇನ್ನೂ ಕಹಿಯಾಗುತ್ತದೆ. ಬಿ. ಆರ್. ಬರ್ಗ್ ಎಂಬ ಇತಿಹಾಸಕಾರ 2007ರಲ್ಲಿ ಈ ಕಡತಗಳ ಮೇಲೆ ಬರೆದ ಪುಸ್ತಕದ ಹೆಸರೇ 'ಬಾಯ್ಸ್ ಅಟ್ ಸೀ', ಅಂದರೆ ಕಡಲಿನ ಹುಡುಗರು. ಕೋರ್ಟಿಗೆ ಬಂದ ಎಷ್ಟೋ ಪ್ರಕರಣಗಳಲ್ಲಿ ಒಂದು ಕಡೆ ಬೆಳೆದ ಗಂಡಸು, ಇನ್ನೊಂದು ಕಡೆ ಅವನ ಬೂಟು ಒರೆಸುವ ಎಳೆಯ ಹುಡುಗ. ಅದು ಪ್ರೀತಿ ಅಲ್ಲ, ದೌರ್ಜನ್ಯ. 29ನೆಯ ನಿಯಮಕ್ಕೆ ಮಾತ್ರ ಇವೆರಡರ ನಡುವೆ ವ್ಯತ್ಯಾಸವೇ ಕಾಣಲಿಲ್ಲ. ಒಪ್ಪಿ ಕೂಡಿದ ಇಬ್ಬರು ಖಲಾಸಿಗಳಿಗೂ, ಹುಡುಗನ ಬಾಯಿ ಮುಚ್ಚಿದ ಅಧಿಕಾರಿಗೂ ಅದು ಒಂದೇ ಹೆಸರು ಇಟ್ಟಿತು. ಆ ಕಾನೂನಿಗೆ ಬೇಕಾಗಿದ್ದದ್ದು ದೇವರ ಕೋಪದಿಂದ ಹಡಗು ಉಳಿಸುವುದು, ಶಿಸ್ತು ಉಳಿಸುವುದು. ಆ ಹುಡುಗನಿಗೆ ಏನಾಯಿತು ಎಂಬುದಲ್ಲ. ಇನ್ನು ಸಾಕ್ಷಿಯ ಕಟ್ಟಳೆ ಎಷ್ಟು ಅಸಹ್ಯವಾಗಿತ್ತೆಂದರೆ, 1828ರಲ್ಲಿ ಕಾನೂನು ತಿದ್ದುವವರೆಗೆ ದೇಹದ ಒಳಗಿನ ಸಂಗತಿಯನ್ನೂ ರುಜುವಾತು ಮಾಡಬೇಕಿತ್ತು. ಅದು ಆಗದಿದ್ದಾಗ 'ಅಶುಚಿಯ ನಡತೆ' ಎಂಬ ಸಣ್ಣ ಅಪರಾಧ ಹೊರಿಸಿ ನೂರಾರು ಛಡಿ ಏಟು ಕೊಡುತ್ತಿದ್ದರು. ಅಶುಚಿ! ಈ ಪದ ಕೇಳಿದರೆ ನಮ್ಮ ಕಿವಿ ನೆಟ್ಟಗಾಗುತ್ತದೆ.

ಈ ಸಿಕ್ಕನ್ನು ಬಿಡಿಸಲು ನಮಗೆ ಪ್ರಣಯ ಕಾದಂಬರಿಗಿಂತ ಹೆಚ್ಚು ನೆರವಾದದ್ದು ಹರ್ಮನ್ ಮೆಲ್ವಿಲ್. ಅವನು ಅಮೆರಿಕದ ನೌಕಾಪಡೆಯಲ್ಲಿ 1843-44ರಲ್ಲಿ ಸಾಮಾನ್ಯ ಖಲಾಸಿಯಾಗಿ ದುಡಿದವನು, ಜೋಲಿಯಲ್ಲಿ ಮಲಗಿದವನು. ಸಾಯುವ ಕಾಲಕ್ಕೆ ಅವನ ಮೇಜಿನಲ್ಲಿ ಉಳಿದ 'ಬಿಲ್ಲಿ ಬಡ್' ಎಂಬ ಸಣ್ಣ ಕಾದಂಬರಿ ಅಚ್ಚಾದದ್ದು 1924ರಲ್ಲಿ. ಕತೆಯ ಕಾಲ ಅದೇ 1797, ಬಂಡಾಯದ ಭಯ ಆರದ ಬೇಸಿಗೆ. 'ಮನುಷ್ಯನ ಹಕ್ಕುಗಳು' ಎಂಬ ಹೆಸರಿನ ವ್ಯಾಪಾರದ ಹಡಗಿನಿಂದ ಬಿಲ್ಲಿ ಎಂಬ ಚೆಲುವನನ್ನು ಯುದ್ಧದ ಹಡಗಿಗೆ ಎಳೆದು ತರುತ್ತಾರೆ. ಅವನು ಯಾರ ಮಗನೆಂಬುದು ಯಾರಿಗೂ ಗೊತ್ತಿಲ್ಲ. ಕಾವಲಿನ ಅಧಿಕಾರಿ ಕ್ಲಾಗರ್ಟ್ ಅವನನ್ನು ನೋಡಿ ನೋಡಿ ಒಳಗೇ ಬೇಯುತ್ತಾನೆ. ವಿಧಿ ಮತ್ತು ನಿಷೇಧ ಅಡ್ಡ ಬರದಿದ್ದರೆ ಇವನು ಬಿಲ್ಲಿಯನ್ನು ಪ್ರೀತಿಸಬಲ್ಲವನಾಗಿದ್ದ ಎಂಬ ಅರ್ಥದ ಮಾತನ್ನು ಮೆಲ್ವಿಲ್ ಒಂದು ಕಡೆ ಹೇಳಿ ಸುಮ್ಮನಾಗುತ್ತಾನೆ. ಪ್ರೀತಿಯಾಗಲಾರದ್ದು ಸುಳ್ಳು ದೂರಾಗುತ್ತದೆ. ಬಿಲ್ಲಿ ಬಂಡಾಯಕ್ಕೆ ಸಂಚು ಮಾಡುತ್ತಿದ್ದಾನೆ ಎಂದು ಕ್ಲಾಗರ್ಟ್ ಕ್ಯಾಪ್ಟನ್ನಿನ ಮುಂದೆ ಹೇಳುತ್ತಾನೆ. ಬಿಲ್ಲಿಗೆ ತೊದಲು. ಬಾಯಿ ಕಟ್ಟಿ ಮಾತು ಬಾರದೆ ಕೈ ಎತ್ತುತ್ತಾನೆ, ಒಂದೇ ಏಟಿಗೆ ಕ್ಲಾಗರ್ಟ್ ಸಾಯುತ್ತಾನೆ. ಹುಡುಗ ನಿರಪರಾಧಿ ಎಂದು ಬಲ್ಲ ಕ್ಯಾಪ್ಟನ್ ವಿಯರ್ ಅವನಿಗೆ ಮರಣದಂಡನೆಯೇ ಆಗುವಂತೆ ನೋಡಿಕೊಳ್ಳುತ್ತಾನೆ.

ತೀರ್ಪನ್ನು ಹೇಳಲು ಕ್ಯಾಪ್ಟನ್ ಬಿಲ್ಲಿಯ ಬಳಿಗೆ ಹೋಗುತ್ತಾನೆ. ಇಬ್ಬರೇ. ಬಾಗಿಲ ಹಿಂದೆ ಏನು ಮಾತಾಯಿತು ಎಂಬುದನ್ನು ಮೆಲ್ವಿಲ್ ನಮಗೆ ಹೇಳುವುದಿಲ್ಲ. ಅಪ್ಪ ಮಗನನ್ನು ಅಪ್ಪುವಂತೆ ಅಪ್ಪಿಕೊಂಡಿರಬಹುದು ಎಂದು ಊಹೆ ಮಾತ್ರ ಮಾಡುತ್ತಾನೆ. ವಿಮರ್ಶಕರು ಆ ಕೋಣೆಯ ಬಗ್ಗೆ ಪುಟಗಟ್ಟಲೆ ಬರೆದಿದ್ದಾರೆ. ಬೆಳಗ್ಗೆ ಕೊರಳಿಗೆ ಹಗ್ಗ ಬಿದ್ದಾಗ ಬಿಲ್ಲಿ ತೊದಲದೆ ಕ್ಯಾಪ್ಟನ್ನಿಗೆ ದೇವರು ಒಳ್ಳೆಯದು ಮಾಡಲಿ ಎಂದು ಹಾರೈಸುತ್ತಾನೆ. ನಮ್ಮ ಗೆಳೆಯರಲ್ಲಿ ಕೆಲವರಿಗೆ ಈ ಜಾಗ ಓದಿ ರಕ್ತ ಕುದಿಯಿತು. ಕೊಂದವನಿಗೇ ಕೈ ಮುಗಿಯುವ ಜೀತದಾಳಿನ ಬುದ್ಧಿ ಅಂದರು. ನಮಗೆ ಹಾಗೆ ಅನ್ನಿಸಲಿಲ್ಲ. ದೂರು ಬಂದಾಗ ಹೊರಡದ ಮಾತು ಹಾರೈಕೆಗೆ ಸರಾಗವಾಗಿ ಹೊರಟಿತು ನೋಡಿ. ಒಡೆಯನನ್ನು ಹೊಗಳುವುದಕ್ಕೆ ಮಾತ್ರ ನಾಲಗೆ ಬಿಡಿಸಿಕೊಳ್ಳುವ ಹಾಗೆ ಒಬ್ಬ ಹುಡುಗನನ್ನು ತಯಾರು ಮಾಡಿದ ಹಡಗು ಅದು. ಕ್ಯಾಪ್ಟನ್ನಿಗೆ ಬಿಲ್ಲಿಯ ಮೇಲೆ ಪ್ರೀತಿ ಇತ್ತು ಅನ್ನೋದು ನಿಜವೇ ಇರಬಹುದು. ಆ ಪ್ರೀತಿ ಅವನ ಕೈಯನ್ನು ತಡೆಯಲಿಲ್ಲ.

ಇದನ್ನೆಲ್ಲ ಹೇಳುವಾಗ ಸುಖಾಂತವನ್ನು ನಾವು ಗೇಲಿ ಮಾಡುತ್ತಿದ್ದೇವೆ ಎಂದುಕೊಳ್ಳಬೇಡಿ. ಇ. ಎಂ. ಫಾರ್ಸ್ಟರ್ 1913-14ರಲ್ಲಿ 'ಮಾರಿಸ್' ಎಂಬ ಕಾದಂಬರಿ ಬರೆದ. ಇಬ್ಬರು ಗಂಡಸರ ಪ್ರೀತಿ, ಒಬ್ಬ ಸಾಹುಕಾರ, ಇನ್ನೊಬ್ಬ ಬೇಟೆಕಾಡು ಕಾಯುವ ಆಳು. ಇಬ್ಬರೂ ಕೊನೆಯಲ್ಲಿ ಒಟ್ಟಿಗೆ ಉಳಿಯುತ್ತಾರೆ. ಆ ಪುಸ್ತಕ ಅಚ್ಚಾದದ್ದು ಅವನು ಸತ್ತ ಮರುವರ್ಷ, 1971ರಲ್ಲಿ. ಒಬ್ಬ ಹುಡುಗ ನೇಣಿನಲ್ಲಿ ತೂಗಾಡುವಂತೆ ಕತೆ ಮುಗಿಸಿದ್ದರೆ ಯಾರಿಗೂ ತಕರಾರಿರುತ್ತಿರಲಿಲ್ಲ, ಸುಖವಾಗಿ ಮುಗಿಸಿದ್ದೇ ಅಪರಾಧವಾಯಿತು ಎಂಬ ಅರ್ಥದಲ್ಲಿ ಅವನೇ ಬರೆದಿಟ್ಟಿದ್ದಾನೆ. ಇದು ನಮಗೆ ಗೊತ್ತಿರುವ ವಿಷಯವೇ. ಜಾತಿ ಮೀರಿದ ಪ್ರೇಮಿಗಳು ಪರದೆಯ ಮೇಲೆ ಸತ್ತರೆ ಊರಿನವರೂ ಕಣ್ಣೀರು ಹಾಕಿ ಮನೆಗೆ ಹೋಗುತ್ತಾರೆ. ಬದುಕಿ ಪಕ್ಕದ ಬೀದಿಯಲ್ಲಿ ಬಾಡಿಗೆ ಮನೆ ಕೇಳಿದರೆ ಮಚ್ಚು ಹೊರಡುತ್ತದೆ. ಆದ್ದರಿಂದ ಸುಖವಾಗಿ ಬದುಕುವ ಕತೆ ಬರೆಯುವುದು ಸಣ್ಣ ಕೆಲಸವಲ್ಲ.

ಅದೇ ಫಾರ್ಸ್ಟರ್ ಎಂಬತ್ತರ ಹತ್ತಿರದ ವಯಸ್ಸಿನಲ್ಲಿ ಇನ್ನೊಂದು ಕತೆ ಮುಗಿಸಿದ. 'ದಿ ಅದರ್ ಬೋಟ್' ಅದರ ಹೆಸರು, ಅಚ್ಚಾದದ್ದು 1972ರಲ್ಲಿ. ಯುದ್ಧದ ಹಡಗಲ್ಲ, ಇಂಡಿಯಾಕ್ಕೆ ಬರುತ್ತಿರುವ ಪ್ರಯಾಣಿಕರ ಹಡಗು. ಲಿಯೊನೆಲ್ ಮಾರ್ಚ್ ಎಂಬ ಬಿಳಿಯ ಸೇನಾಧಿಕಾರಿ ಮದುವೆಯಾಗಲು ಇಲ್ಲಿಗೆ ಬರುತ್ತಿದ್ದಾನೆ. ಅವನ ಜೊತೆ ಒಂದೇ ಕ್ಯಾಬಿನ್ನಿನಲ್ಲಿ ಮಿಶ್ರರಕ್ತದ ಒಬ್ಬ ಯುವಕ. ಇವನಿಗೆ ದುಡ್ಡಿದೆ, ದುಡ್ಡು ಕೊಟ್ಟೇ ಆ ಕ್ಯಾಬಿನ್ನು ಹೊಂದಿಸಿಕೊಂಡಿದ್ದಾನೆ. ಆದರೆ ಕತೆಯುದ್ದಕ್ಕೂ ಇವನನ್ನು ಕರೆಯುವುದು ಅಡ್ಡಹೆಸರಿನಿಂದ, ಕೋಕೊನಟ್ ಎಂದು. ತೆಂಗಿನಕಾಯಿ! ಬಿಳಿಯನಿಗೆ ಮನೆತನದ ಹೆಸರು, ಕಂದುಬಣ್ಣದವನಿಗೆ ಕಾಯಿಯ ಹೆಸರು.

ಬಾಗಿಲ ಒಳಗೆ ಅವರಿಬ್ಬರೂ ಪ್ರೇಮಿಗಳು. ಮೇಲಿನ ಡೆಕ್ಕಿನಲ್ಲಿ ಲಿಯೊನೆಲ್ ತನ್ನ ಬಿಳಿಯರ ಗುಂಪಿನ ಜೊತೆ ಇಸ್ಪೀಟು ಆಡುತ್ತಾನೆ, ಕರಿಯನ ಜೊತೆ ಕ್ಯಾಬಿನ್ನು ಹಂಚಿಕೊಳ್ಳಬೇಕಾಗಿ ಬಂತಲ್ಲ ಎಂದು ಅವರು ಮರುಕಪಟ್ಟರೆ ತಾನೂ ನಗುತ್ತಾನೆ. ಒಂದು ರಾತ್ರಿ ಬಾಗಿಲಿಗೆ ಅಗುಳಿಯೇ ಹಾಕಿರಲಿಲ್ಲ ಎಂಬುದು ಅವನಿಗೆ ತಿಳಿಯುತ್ತದೆ. ಅಷ್ಟೇ. ಯಾರೂ ಬಂದಿರಲಿಲ್ಲ, ಯಾರೂ ನೋಡಿರಲಿಲ್ಲ. ನೋಡಬಹುದಾಗಿತ್ತು ಅನ್ನುವ ಭಯ ಒಂದಕ್ಕೇ ಅವನ ಪ್ರೀತಿ ಕುಸಿಯುತ್ತದೆ. ಡೆಕ್ಕಿಗೆ ಓಡಿ ತನ್ನವರ ನಡುವೆ ಮಲಗಲು ನೋಡುತ್ತಾನೆ. ಮತ್ತೆ ಕೆಳಗೆ ಬಂದಾಗ ತನ್ನ ಕೈಯಾರೆ ಪ್ರಿಯಕರನ ಕತ್ತು ಹಿಸುಕಿ ಕೊಂದು ತಾನು ಕಡಲಿಗೆ ಹಾರುತ್ತಾನೆ. ಈ ಕತೆಯಲ್ಲಿ ನೇಣುಗಂಬ ಇಲ್ಲ, 29ನೆಯ ನಿಯಮ ಇಲ್ಲ. ಮೇಲಿನ ಡೆಕ್ಕು ಒಂದು ಇದೆ. ಪ್ರಣಯ ಕಾದಂಬರಿಗಳು ಕಾನೂನನ್ನು ಬಾಗಿಲ ಹೊರಗೆ ನಿಲ್ಲಿಸುತ್ತವೆ, ಒಳಗೆ ಬಂದ ಇಬ್ಬರೂ ಸಮಾನರು ಎಂದು ನಂಬಿಸುತ್ತವೆ. ಫಾರ್ಸ್ಟರ್ ಹಾಗೆ ನಂಬಲಿಲ್ಲ. ಬಿಳಿಯ ಯಜಮಾನಿಕೆ ಬಾಗಿಲು ದಾಟಿ ಅವರ ನಡುವೆಯೇ ಮಲಗಿತ್ತು.

ಕತೆಯ ಕೊನೆಯಲ್ಲಿ ಒಂದು ಚಿತ್ರ ಬರುತ್ತದೆ. ಕೋಕೊನಟ್‌ನ ಹೆಣವನ್ನು ಕಡಲಿಗೆ ಇಳಿಸುತ್ತಾರೆ. ಹಡಗಿನ ದೇಶೀ ಜನರಿಗೆ ಈ ಹೆಣದ ಮೇಲೆ ಅದೇನೋ ಆಸಕ್ತಿ. ಅದು ಯಾವ ಕಡೆ ತೇಲುತ್ತದೆ ಎಂದು ಪಣ ಕಟ್ಟುತ್ತಾರೆ. ಯಾಕೆ ಅಂತ ಬಿಳಿಯರಿಗೆ ಅರ್ಥವಾಗುವುದಿಲ್ಲ. ಹೆಣ ಕಡಲಿನ ಸೆಳವಿಗೆ ಎದುರಾಗಿ ಬಡಗಣಕ್ಕೆ ಸಾಗುತ್ತದೆ. ಆ ಪಣ ಕಟ್ಟಿದವರಿಗೆ ಫಾರ್ಸ್ಟರ್ ಹೆಸರು ಕೊಡಲಿಲ್ಲ, ಮಾತೂ ಕೊಡಲಿಲ್ಲ. ಅಷ್ಟು ದೂರ ಬಂದ ಅವನಿಗೂ ಕೆಳಗಿನ ಡೆಕ್ಕಿಗೆ ಇಳಿಯಲು ಆಗಲಿಲ್ಲ.

ಆ ಹಡಗುಗಳ ಜೊತೆಗೇ ಕಾನೂನೂ ಇಲ್ಲಿಗೆ ಇಳಿಯಿತು. 1860ರ ಭಾರತ ದಂಡಸಂಹಿತೆಯ 377ನೆಯ ಕಲಂ 'ನಿಸರ್ಗದ ಕ್ರಮಕ್ಕೆ ವಿರುದ್ಧ' ಎಂಬ ಪದಗಳಲ್ಲಿ ಜೀವಾವಧಿಯವರೆಗಿನ ಶಿಕ್ಷೆ ಇಟ್ಟಿತು. ಇಂಗ್ಲೆಂಡು ತನ್ನ ನೆಲದಲ್ಲಿ ಈ ಅಪರಾಧಕ್ಕೆ ಮರಣದಂಡನೆಯನ್ನು ಕೈಬಿಟ್ಟದ್ದು 1861ರಲ್ಲಿ. 29ನೆಯ ನಿಯಮದ ಹಾಗೆಯೇ ನಮ್ಮ 377ಕ್ಕೂ ಒಪ್ಪಿಗೆ ಇತ್ತೋ ಇಲ್ಲವೋ ಬೇಕಿರಲಿಲ್ಲ. 2009ರಲ್ಲಿ ದೆಹಲಿ ಹೈಕೋರ್ಟು ಅದರ ಹಲ್ಲು ಕಿತ್ತಿತು, 2013ರಲ್ಲಿ ಸುಪ್ರೀಂ ಕೋರ್ಟು ಹಲ್ಲು ಮತ್ತೆ ಕೂರಿಸಿತು, 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಾಧೀಶರು ಒಪ್ಪಿಗೆಯಿಂದ ಕೂಡುವ ವಯಸ್ಕರನ್ನು ಅದರಿಂದ ಬಿಡಿಸಿದರು. ಒಪ್ಪಿಗೆ ಇಲ್ಲದ ಕೃತ್ಯಕ್ಕೆ ಕಲಂ ಉಳಿದಿತ್ತು. 2024ರ ಜುಲೈ 1ರಿಂದ ಹೊಸ ನ್ಯಾಯಸಂಹಿತೆ ಬಂದಾಗ ಆ ಕಲಂ ಪೂರ್ತಿಯಾಗಿ ಹೋಯಿತು. ಈಗ ನೋಡಿ: ವಯಸ್ಕ ಗಂಡಸಿನ ಮೇಲೆ ಅತ್ಯಾಚಾರವಾದರೆ ಅದನ್ನು ಅತ್ಯಾಚಾರ ಎಂದು ಕರೆಯುವ ಕಲಂ ಹೊಸ ಸಂಹಿತೆಯಲ್ಲಿ ಇಲ್ಲ. ಹಿಂದೆ ಕಾನೂನಿಗೆ ಪ್ರೀತಿಯೂ ದೌರ್ಜನ್ಯವೂ ಒಂದೇ ಆಗಿ ಕಂಡಿತು. ಈಗ ಪ್ರೀತಿಯನ್ನು ಬಿಟ್ಟಿತು, ಜೊತೆಗೆ ದೌರ್ಜನ್ಯವನ್ನೂ ಬಿಟ್ಟಿತು. ಬ್ರಿಟನ್ನಿನಲ್ಲೂ ಹಡಗಿನವರ ಸರದಿ ಬಂದದ್ದು ಕೊನೆಗೆ. 1967ರಲ್ಲಿ ಇಂಗ್ಲೆಂಡು, ವೇಲ್ಸ್‌ಗಳ ಕಾನೂನು ಸಡಿಲವಾದಾಗ ಸೇನೆಯವರನ್ನೂ ವ್ಯಾಪಾರಿ ಹಡಗಿನ ಕೆಲಸಗಾರರನ್ನೂ ಹೊರಗಿಟ್ಟರು. ಸೇನೆಯ ನಿಷೇಧ ತೆಗೆದದ್ದು 2000ದ ಜನವರಿಯಲ್ಲಿ. ವ್ಯಾಪಾರಿ ಹಡಗಿನವರನ್ನು ಈ ಕಾರಣಕ್ಕೆ ಕೆಲಸದಿಂದ ತೆಗೆಯಬಹುದು ಎಂಬ ಸಾಲು ಕಾನೂನು ಪುಸ್ತಕದಿಂದ ಅಳಿದದ್ದು 2017ರಲ್ಲಿ.

ಇನ್ನೊಂದು ಜಗಳ ಇದೆ, ಅದನ್ನು ಮುಟ್ಟದೆ ಹೋಗುವಂತಿಲ್ಲ. ಈ ಪ್ರಣಯ ಕಾದಂಬರಿಗಳನ್ನು ಬರೆಯುವವರಲ್ಲಿ, ಓದುವವರಲ್ಲಿ ಹೆಚ್ಚಿನವರು ಹೆಂಗಸರು. ಗಂಡಸರ ಪ್ರೀತಿಯ ನೋವನ್ನು ಅದನ್ನು ಉಣ್ಣದವರು ಬರೆಯಬಹುದೇ? 2009ರಲ್ಲೇ ಅಮೆರಿಕದ ಲ್ಯಾಂಬ್ಡಾ ಪ್ರಶಸ್ತಿಯವರು ಲೈಂಗಿಕ ಅಲ್ಪಸಂಖ್ಯಾತ ಸಮುದಾಯದ ಲೇಖಕರಿಗೆ ಮಾತ್ರ ಪ್ರಶಸ್ತಿ ಎಂದು ನಿಯಮ ಮಾಡಿದಾಗ ದೊಡ್ಡ ಗದ್ದಲವಾಯಿತು. ಎರಡು ವರ್ಷದಲ್ಲಿ ನಿಯಮ ಸಡಿಲಾಯಿತು. ಈ ವಾದ ನಮಗೆ ಹೊಸದೇ? 'ಚೋಮನ ದುಡಿ'ಯನ್ನು 1933ರಲ್ಲಿ ಬರೆದ ಕಾರಂತರು ಚೋಮನ ಗುಡಿಸಲಿನವರಲ್ಲ. ಆ ಕಾದಂಬರಿಯನ್ನು ನಾವು ಎಸೆದಿಲ್ಲ. ಅದು ಸಾಕು ಎಂದೂ ಒಪ್ಪಿಲ್ಲ. ಹಾಗಾಗಿಯೇ ನಾವು ಪೆನ್ನು ಹಿಡಿದೆವು. ಇಲ್ಲೂ ನಮ್ಮ ನಿಲುವು ಅದೇ. ಹೆಂಗಸರು ಬರೆಯಲಿ. ತಮ್ಮ ದೇಹಕ್ಕೆ ಬೇಲಿ ಹಾಕಿದ ಜಗತ್ತಿನಲ್ಲಿ ಒಡೆಯನೂ ದಾಸಿಯೂ ಇಲ್ಲದ ಒಂದು ಜೋಡಿಯನ್ನು ಕಲ್ಪಿಸಿಕೊಳ್ಳಲು ಅವರು ಇಬ್ಬರು ಗಂಡಸರನ್ನು ಆರಿಸಿಕೊಂಡಿರಬಹುದು. ಅದರಲ್ಲಿ ಅವರದೇ ಒಂದು ಬಂಡಾಯ ಇದೆ. ಆದರೆ ಇಬ್ಬರ ಎದೆ ಜೋರಾಗಿ ಹೊಡೆದುಕೊಳ್ಳಲಿ ಅಂತ ನೇಣುಗಂಬವನ್ನು ಮಸಾಲೆಯ ಹಾಗೆ ಉದುರಿಸುವಾಗ ಒಂದು ಗಳಿಗೆ ಕೈ ತಡೆಯಬೇಕು, ಅಲ್ಲಿ ನಿಜವಾಗಿ ತೂಗಿದವರಿದ್ದಾರೆ. ಕನ್ನಡದಲ್ಲಿ 2013ರಲ್ಲಿ ವಸುಧೇಂದ್ರರ 'ಮೋಹನಸ್ವಾಮಿ' ಬಂದಾಗ ಓದುಗರು ಬೆಚ್ಚಿದ್ದು ಇದೇ ಕಾರಣಕ್ಕೆ. ಅಲ್ಲಿ ಮಸಾಲೆ ಇರಲಿಲ್ಲ, ಬದುಕು ಇತ್ತು.

ಕೆಳಗಿನ ಡೆಕ್ಕಿನ ಪ್ರೀತಿಯ ಬಗ್ಗೆ ನಮಗೆ ಗೊತ್ತಿರುವುದೆಲ್ಲ ಬಹುಪಾಲು ಕೋರ್ಟ್ ಮಾರ್ಷಲ್ಲಿನ ಕಾಗದಗಳಿಂದ. ಲಂಡನ್ನಿನ ಕ್ಯೂ ಎಂಬಲ್ಲಿಯ ರಾಷ್ಟ್ರೀಯ ದಾಖಲೆಗಳ ಮನೆಯಲ್ಲಿ ಅವು ಇವೆ. ಬರೆದವರು ಗಲ್ಲಿಗೇರಿಸಿದವರು. ಓದು ಬರಹ ಬಾರದ ಖಲಾಸಿಯ ಮಾತು ಅಲ್ಲಿ ಪ್ರಶ್ನೆಗೆ ಉತ್ತರವಾಗಿ ಮಾತ್ರ ಉಳಿದಿದೆ: ಎಲ್ಲಿದ್ದೆ, ಏನು ಕಂಡೆ, ದೀಪ ಇತ್ತೋ. ಕಂಡವನು ದೂರು ಹೇಳಿದ ಪ್ರಕರಣ ಮಾತ್ರ ಕಡತವಾಯಿತು. ಕಂಡೂ ಹೇಳದೆ ಹೋದವರು? 14 ಇಂಚು ಪಕ್ಕದಲ್ಲಿ ಮಲಗಿದವನಿಗೆ ಕತ್ತಲೆಯಲ್ಲೂ ಎಲ್ಲವೂ ಗೊತ್ತಾಗಿರುತ್ತದೆ. ಜೋಲಿಯ ಹಗ್ಗ ಕಿರ್ರೆಂದದ್ದು, ಉಸಿರು ಬದಲಾದದ್ದು, ಯಾರೋ ಯಾರದೋ ಹೆಸರನ್ನು ಸಣ್ಣಗೆ ಕರೆದದ್ದು. ದೂರು ಹೇಳಿದರೆ ಅಧಿಕಾರಿಯ ಮೆಚ್ಚುಗೆ ಸಿಗುತ್ತಿತ್ತು. ಅವನು ಗೋಡೆ ಇಲ್ಲದ ಕಡೆ ತನ್ನ ಬೆನ್ನನ್ನೇ ಗೋಡೆ ಮಾಡಿ ಮಗ್ಗುಲು ತಿರುಗಿಸಿದ. ಬೆಳಗ್ಗೆ ಎದ್ದು ಅವರಿಬ್ಬರ ಜೊತೆಗೇ ಹಗ್ಗ ಎಳೆಯಲು ಹೋದ.